ಮಂಡ್ಯದ ಲೀಥಿಯಂ ಮತ್ತು 6.94 ಎಂಬ ದರ



ಚಾರ್ಟರ್ಡ್ ಅಕೌಂಟೆಂಟ್ ಮೈಕ್ ಹಿಡಿದರೆ ತೆರಿಗೆಯ ಮಾತು ಬರುತ್ತದೆ ಎಂದು ನೀವು ಅಂದುಕೊಂಡಿರಬಹುದು. ಅದನ್ನು ಊಟದ ಸಾಲಿನಲ್ಲಿ ನಿಂತಾಗ ಹೇಗೂ ಕೇಳುತ್ತೀರಿ, ನಾನೂ ಹೇಳುತ್ತೇನೆ. ಈ ಅರ್ಧ ಗಂಟೆಯನ್ನು ಮಾತ್ರ ಬೇರೊಂದು ಲೆಕ್ಕಕ್ಕೆ ಕೊಡಿ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ನಾವೆಲ್ಲ ಕಂಡ ಆವರ್ತ ಕೋಷ್ಟಕವನ್ನು ಇಟ್ಟುಕೊಂಡು ಒಂದು ಧಾತುವಿನ ರಾಶಿಯನ್ನು ಕಂಡುಕೊಳ್ಳುವುದು ಹೇಗೆ ಎಂಬ ಲೆಕ್ಕ ಅದು. ನಿಮ್ಮ ಮಕ್ಕಳು ಇಲ್ಲಿನ ಶಾಲೆಯಲ್ಲಿ ಇದನ್ನೇ ಹೋಮ್‌ವರ್ಕ್ ಆಗಿ ತರುತ್ತಾರೆ. ದೊಡ್ಡವರಾದ ನಮಗೂ ಇದು ಯಾಕೆ ಬೇಕು ಎಂಬುದನ್ನು ಹೇಳುತ್ತೇನೆ.

ಕೆಲವು ವರ್ಷಗಳಿಂದ ನಮ್ಮವರ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಸುದ್ದಿ ಸುತ್ತುತ್ತಲೇ ಇದೆ: ಮಂಡ್ಯ ಜಿಲ್ಲೆಯಲ್ಲಿ ಲೀಥಿಯಂ ಸಿಕ್ಕಿದೆ. ಒಬ್ಬರು 14,100 ಟನ್ ಎನ್ನುತ್ತಾರೆ. ಇನ್ನೊಬ್ಬರು 1,600 ಟನ್ ಎನ್ನುತ್ತಾರೆ. ಮೂರನೆಯವರು ಕಾಶ್ಮೀರದ 59 ಲಕ್ಷ ಟನ್ ಸುದ್ದಿಯನ್ನು ಅದರ ಪಕ್ಕಕ್ಕೆ ಅಂಟಿಸುತ್ತಾರೆ. ಆಮೇಲೆ ನಮ್ಮಂಥವರಿಗೆ ಫೋನು ಬರುತ್ತದೆ. "ಊರಲ್ಲಿ ಅಣ್ಣ ಜಮೀನು ಮಾರ್ತೀನಿ ಅಂತಿದಾನೆ, ತಡೀಬೇಕಾ?" "ಲೀಥಿಯಂ ಕಂಪನಿ ಷೇರು ತಗೋಬಹುದಾ?" ಜಮೀನು ಮಾರುವುದು ಬಿಡುವುದು ಅಣ್ಣತಮ್ಮಂದಿರು ಕೂತು ಮಾತಾಡಿ ತೀರ್ಮಾನಿಸಬೇಕಾದದ್ದು. ಆದರೆ ಆ ಮಾತಿಗೆ ಕೂರುವ ಮುಂಚೆ ಸುದ್ದಿಯಲ್ಲಿರುವ ಟನ್ನು ಯಾವುದರ ಟನ್ನು ಎಂದು ಓದಲು ಬರಬೇಕು. ಅದಕ್ಕೆ ಬೇಕಾದ ಸಂಖ್ಯೆ ಆವರ್ತ ಕೋಷ್ಟಕದ ಮೂರನೇ ಚೌಕದಲ್ಲಿದೆ.

ಇದು ದೂರದ ವಿಷಯ ಎಂದು ಭಾವಿಸಬೇಡಿ. ಮೆಟುಚೆನ್ ಊರನ್ನು ಸುತ್ತುವರಿದಿರುವುದು ಎಡಿಸನ್ ಟೌನ್‌ಷಿಪ್. ಥಾಮಸ್ ಎಡಿಸನ್ ಮುಂದೆ ವೆಸ್ಟ್ ಆರೆಂಜ್‌ನಲ್ಲಿ ನಿಕ್ಕಲ್–ಕಬ್ಬಿಣದ ಬ್ಯಾಟರಿ ಮಾಡುವಾಗ ಅದರ ದ್ರಾವಣಕ್ಕೆ ಲೀಥಿಯಂ ಹೈಡ್ರಾಕ್ಸೈಡ್ ಬೆರೆಸಿದ್ದರು. ಇನ್ನೂ ಹತ್ತಿರದ್ದು ಹೇಳುತ್ತೇನೆ. ನೀವು ದಿನಾ ಹತ್ತುವ ನಾರ್ತ್‌ಈಸ್ಟ್ ಕಾರಿಡಾರ್ ರೈಲಿನಲ್ಲಿ ಇಲ್ಲಿಂದ ನ್ಯೂಯಾರ್ಕ್ ಕಡೆಗೆ ಮೆಟ್ರೋಪಾರ್ಕ್, ರಾಹ್‌ವೇ ಆದ ಮೇಲೆ ಲಿಂಡನ್ ನಿಲ್ದಾಣ ಬರುತ್ತದೆ. ಆ ಲಿಂಡನ್‌ನಲ್ಲಿದ್ದ ಎಕ್ಸಾನ್ ಸಂಶೋಧನಾಲಯಕ್ಕೆ 1972ರಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಸೇರಿದರು. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲೀಥಿಯಂ ಬ್ಯಾಟರಿಗೆ ಅಡಿಪಾಯ ಬಿದ್ದದ್ದು ಅವರು ಎಕ್ಸಾನ್‌ನಲ್ಲಿ ಮಾಡಿದ ಕೆಲಸದಿಂದ. 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಅವರು ಜಾನ್ ಗುಡೆನಫ್ ಮತ್ತು ಅಕಿರಾ ಯೋಶಿನೊ ಅವರೊಡನೆ ಹಂಚಿಕೊಂಡರು. ಹಾಗಾಗಿ ಲೀಥಿಯಂ ನಮಗೆ ಎರಡು ಕಡೆಯಿಂದ ನೆಂಟ: ಇಲ್ಲಿ ರೈಲುದಾರಿಯಲ್ಲಿ, ಅಲ್ಲಿ ಮಂಡ್ಯದ ಬಂಡೆಯಲ್ಲಿ.

ಚೌಕದಲ್ಲಿ ಏನಿದೆ

ಕೋಷ್ಟಕದಲ್ಲಿ ಲೀಥಿಯಂ ಚೌಕವನ್ನು ನೋಡಿ. ಎರಡು ಸಂಖ್ಯೆಗಳು ಕಾಣುತ್ತವೆ. ಒಂದು 3. ಇನ್ನೊಂದು 6.94. ಪೂರ್ಣಸಂಖ್ಯೆಯಾದ 3 ಪರಮಾಣು ಸಂಖ್ಯೆ. ಅಂದರೆ ಒಂದು ಪರಮಾಣುವಿನೊಳಗಿನ ಪ್ರೋಟಾನುಗಳ ಎಣಿಕೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಖಾತೆ ನಂಬರು. ಖಾತೆ ನಂಬರನ್ನು ಯಾರೂ ಕೂಡುವುದಿಲ್ಲ, ಗುಣಿಸುವುದಿಲ್ಲ. ದಶಾಂಶವಿರುವ 6.94 ಪರಮಾಣು ರಾಶಿ. ಲೆಕ್ಕಕ್ಕೆ ಬರುವುದು ಅದು.

ರಾಶಿ ಎಂಬ ಪದ ಪಠ್ಯಪುಸ್ತಕದಲ್ಲಿ ಗಂಭೀರವಾಗಿ ಕಾಣುತ್ತದೆ. ಕಣದಲ್ಲಿ ರಾಗಿ ರಾಶಿ ನೋಡಿದವರಿಗೆ ಅದು ಹೊಸದಲ್ಲ: ವಸ್ತು ಎಷ್ಟಿದೆ ಎಂಬುದೇ ರಾಶಿ. ಪರಮಾಣುವಿನ ರಾಶಿಯನ್ನು ಅಳೆಯುವ ಸೇರು ಯಾವುದೆಂದರೆ ಕಾರ್ಬನ್. ಕಾರ್ಬನ್‌ನ 12 ಎಂಬ ಬಗೆಯ ಒಂದು ಪರಮಾಣುವಿನ ರಾಶಿಯನ್ನು ಸರಿಯಾಗಿ 12 ಎಂದು ಇಟ್ಟುಕೊಂಡು ಉಳಿದ ಎಲ್ಲವನ್ನೂ ಅದರೊಡನೆ ಹೋಲಿಸಿದ್ದಾರೆ. ಆ ಲೆಕ್ಕದಲ್ಲಿ ಹೈಡ್ರೋಜನ್ 1.008, ಆಕ್ಸಿಜನ್ 16.00, ಸೋಡಿಯಂ 22.99, ಸೀಸ 207.2.

ಈಗ ಮಕ್ಕಳು ಕೇಳುವ ಪ್ರಶ್ನೆ: ಹೋಲಿಕೆಯೇ ಆದರೆ ಗ್ರಾಂ ಎಲ್ಲಿಂದ ಬಂತು? ಪರಮಾಣುಗಳನ್ನು ಒಂದೊಂದಾಗಿ ತೂಗಲು ಆಗುವುದಿಲ್ಲ. ಅದಕ್ಕೆ ಮೋಲ್ ಎಂಬ ದೊಡ್ಡ ಎಣಿಕೆಯನ್ನು ಇಟ್ಟುಕೊಂಡಿದ್ದಾರೆ. ಮೊಟ್ಟೆಯನ್ನು ಡಜನ್ ಲೆಕ್ಕದಲ್ಲಿ, ವೀಳ್ಯದೆಲೆಯನ್ನು ಕಟ್ಟಿನ ಲೆಕ್ಕದಲ್ಲಿ ಕೊಳ್ಳುವ ಹಾಗೆ. ಒಂದು ಮೋಲ್ ಲೀಥಿಯಂ ತೂಗಿದರೆ 6.94 ಗ್ರಾಂ, ಒಂದು ಮೋಲ್ ಆಕ್ಸಿಜನ್ ಪರಮಾಣುಗಳನ್ನು ತೂಗಿದರೆ 16 ಗ್ರಾಂ. ಅನುಪಾತ ಮಾತ್ರ ಬೇಕಿದ್ದಾಗ ಮೋಲ್ ಕೂಡ ಬೇಡ. 6.94ಕ್ಕೆ 16 ಎಂಬ ಅನುಪಾತ ಗ್ರಾಮಿನಲ್ಲೂ ಅದೇ, ತೊಲದಲ್ಲೂ ಅದೇ, ಟನ್ನಿನಲ್ಲೂ ಅದೇ.

ಸರಾಸರಿಯ ಒಳಗುಟ್ಟು

ದಶಾಂಶ ಯಾಕೆ ಬಂತು? ಇಲ್ಲಿ ನನ್ನ ವೃತ್ತಿಯ ಪರಿಚಯವಿದ್ದವರಿಗೆ ತಕ್ಷಣ ಗೊತ್ತಾಗುತ್ತದೆ. ಗೋದಾಮಿನಲ್ಲಿ ಒಂದೇ ಸರಕನ್ನು ಎರಡು ಬೆಲೆಗೆ ಕೊಂಡಿದ್ದರೆ ದಾಸ್ತಾನಿನ ಮೌಲ್ಯಕ್ಕೆ ವೆಯ್ಟೆಡ್ ಆವರೇಜ್ ಹಾಕುತ್ತೇವಲ್ಲ, 6.94 ಅದೇ. ಪ್ರಕೃತಿಯ ಗೋದಾಮಿನಲ್ಲಿ ಲೀಥಿಯಂ ಎರಡು ಬಗೆಯಲ್ಲಿದೆ. ಇವುಗಳಿಗೆ ಸಮಸ್ಥಾನಿ ಅಥವಾ ಐಸೋಟೋಪ್ ಎನ್ನುತ್ತಾರೆ. ಒಂದರ ರಾಶಿ 6.015, ಇನ್ನೊಂದರದು 7.016. 10,000 ಲೀಥಿಯಂ ಪರಮಾಣುಗಳನ್ನು ತೆಗೆದುಕೊಂಡರೆ ಸುಮಾರು 759 ಹಗುರ ಬಗೆಯವು, 9,241 ಭಾರದ ಬಗೆಯವು.

759ನ್ನು 6.015ರಿಂದ ಗುಣಿಸಿದರೆ ಸುಮಾರು 4,565. 9,241ನ್ನು 7.016ರಿಂದ ಗುಣಿಸಿದರೆ ಸುಮಾರು 64,835. ಕೂಡಿದರೆ 69,400. ಅದನ್ನು 10,000ದಿಂದ ಭಾಗಿಸಿದರೆ 6.94. ಸ್ಟಾಕ್ ಲೆಡ್ಜರಿನಲ್ಲಿ ಮಾಡುವ ಲೆಕ್ಕವೇ, ಸರಕು ಮಾತ್ರ ಬೇರೆ.

ಇದರಿಂದ ಒಂದು ಮಾತು ತಿಳಿಯುತ್ತದೆ. ಜಗತ್ತಿನಲ್ಲಿ 6.94 ರಾಶಿಯ ಲೀಥಿಯಂ ಪರಮಾಣು ಒಂದೂ ಇಲ್ಲ. ಕ್ಲೋರಿನ್ನಿನ 35.45 ಕೂಡ ಹಾಗೆಯೇ: ನಾಲ್ಕರಲ್ಲಿ ಸುಮಾರು ಮೂರು ಪರಮಾಣುಗಳು 35ರ ಬಗೆಯವು, ಒಂದು 37ರ ಬಗೆಯದು. ಕೋಲಾರದ ಚಿನ್ನ ಬೇರೆ ಜಾತಿ. ಚಿನ್ನಕ್ಕೆ ಪ್ರಕೃತಿಯಲ್ಲಿ ಒಂದೇ ಬಗೆ ಇರುವುದರಿಂದ ಅದರ ಚೌಕದ 196.97 ಪ್ರತಿಯೊಂದು ಪರಮಾಣುವಿಗೂ ನಿಜ. ಪ್ಲುಟೋನಿಯಂನಂಥ ಧಾತುಗಳ ಚೌಕದಲ್ಲಿ ಆವರಣದೊಳಗೆ 244 ಎಂಬಂಥ ಪೂರ್ಣಸಂಖ್ಯೆ ಕಂಡರೆ ಅದು ಸರಾಸರಿಯಲ್ಲ, ಅತಿ ಹೆಚ್ಚು ಕಾಲ ಉಳಿಯುವ ಬಗೆಯ ಗುರುತು ಎಂದು ಮಕ್ಕಳಿಗೆ ಹೇಳಿಕೊಡಿ.

ಸರಾಸರಿ ಎಂದ ಮೇಲೆ ಗೋದಾಮಿನ ಸರಕು ಬದಲಾದರೆ ಸರಾಸರಿಯೂ ಬದಲಾಗಬೇಕು. ಲೀಥಿಯಂ ವಿಷಯದಲ್ಲಿ ಹಾಗೇ ಆಯಿತು. 1950ರ ದಶಕದಲ್ಲಿ ಟೆನೆಸ್ಸಿಯ ಓಕ್ ರಿಡ್ಜ್‌ನಲ್ಲಿ ಹೈಡ್ರೋಜನ್ ಬಾಂಬಿಗಾಗಿ ಹಗುರ ಬಗೆಯ ಲೀಥಿಯಂ ಅನ್ನು ಬೇರ್ಪಡಿಸಿ ತೆಗೆದರು. ಹೀಗೆ ಹಗುರವನ್ನು ಸೋಸಿಕೊಂಡು ಉಳಿದ ಲೀಥಿಯಂ ಮಾರುಕಟ್ಟೆಗೂ ಬಂತು. ಹಾಗಾಗಿ ಪ್ರಯೋಗಾಲಯದ ಕೆಲವು ಬಾಟಲಿಗಳ ಲೀಥಿಯಂ ಕೋಷ್ಟಕ ಹೇಳುವುದಕ್ಕಿಂತ ತುಸು ಭಾರ. 2010ರ ಕೊನೆಗೆ ರಸಾಯನಶಾಸ್ತ್ರಜ್ಞರ ಅಂತರರಾಷ್ಟ್ರೀಯ ಒಕ್ಕೂಟವು 10 ಧಾತುಗಳಿಗೆ ಒಂದೇ ಸಂಖ್ಯೆಯ ಬದಲು ಕನಿಷ್ಠ–ಗರಿಷ್ಠ ಮಿತಿಯನ್ನು ಪ್ರಕಟಿಸಿತು. ಲೀಥಿಯಂಗೆ ಅದು 6.938ರಿಂದ 6.997. ಶಾಲೆಗೂ ವ್ಯಾಪಾರಕ್ಕೂ 6.94 ಸಾಕು. ಕೋಷ್ಟಕ ಬರೆದವರು ತಮ್ಮ ಸಂಖ್ಯೆ ಎಷ್ಟರ ಮಟ್ಟಿಗೆ ಖಚಿತ ಎಂಬುದನ್ನು ಸಂಖ್ಯೆಯ ಜೊತೆಯಲ್ಲೇ ಹೇಳುತ್ತಾರೆ ಎಂಬುದು ನನಗೆ ಬಹಳ ಹಿಡಿಸಿದ ವಿಷಯ. ನಾವು ಓದುವ ಹಣಕಾಸಿನ ಸುದ್ದಿಗಳಲ್ಲಿ ಆ ಪದ್ಧತಿ ಕಡಿಮೆ.

ಉಪ್ಪಿನ ಡಬ್ಬಿ

ಮಂಡ್ಯಕ್ಕೆ ಹೋಗುವ ಮುಂಚೆ ಅಡುಗೆಮನೆಯಲ್ಲಿ ಒಮ್ಮೆ ಕೈ ಪಳಗಿಸಿಕೊಳ್ಳೋಣ. ಇದು ಬಿಪಿ ಇರುವ ಅಪ್ಪ ಅಮ್ಮ ಊರಿಂದ ಬಂದು ನಿಮ್ಮೊಡನೆ ಆರು ತಿಂಗಳು ಇರುವಾಗ ಕೆಲಸಕ್ಕೆ ಬರುವ ಲೆಕ್ಕ.

ಊರಿನ ಡಾಕ್ಟರು ಉಪ್ಪಿನ ಲೆಕ್ಕ ಹೇಳುತ್ತಾರೆ: ದಿನಕ್ಕೆ 5 ಗ್ರಾಂ ಮೀರಬಾರದು. ಇಲ್ಲಿನ ಡಬ್ಬಿಯ ಮೇಲಿನ ಚೀಟಿ ಸೋಡಿಯಂ ಲೆಕ್ಕ ಹೇಳುತ್ತದೆ: ದಿನದ ಮಿತಿ 2,300 ಮಿಲಿಗ್ರಾಂ. ಎರಡೂ ಒಂದೇ ಅಲ್ಲ. ಉಪ್ಪು ಎಂದರೆ ಒಂದು ಸೋಡಿಯಂ, ಒಂದು ಕ್ಲೋರಿನ್. ಕೋಷ್ಟಕದಿಂದ 22.99 ಮತ್ತು 35.45 ತೆಗೆದು ಕೂಡಿದರೆ 58.44. ಅದರಲ್ಲಿ ಸೋಡಿಯಂ ಪಾಲು 22.99ನ್ನು 58.44ರಿಂದ ಭಾಗಿಸಿದಷ್ಟು, ಅಂದರೆ ಶೇ. 39.3.

ಹಾಗಾದರೆ 5 ಗ್ರಾಂ ಉಪ್ಪಿನಲ್ಲಿ ಸೋಡಿಯಂ ಸುಮಾರು 1,970 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಸೋಡಿಯಂಗೆ 2,000 ಮಿಲಿಗ್ರಾಂ, ಉಪ್ಪಿಗೆ 5 ಗ್ರಾಂ ಎಂದು ಎರಡು ರೀತಿ ಹೇಳುವುದು ಇದೇ ಲೆಕ್ಕದ ಮೇಲೆ. ಚೀಟಿಯ 2,300 ಮಿಲಿಗ್ರಾಂ ಸೋಡಿಯಂ ಎಂದರೆ ಸುಮಾರು 5.8 ಗ್ರಾಂ ಉಪ್ಪು, ಹೆಚ್ಚುಕಡಿಮೆ ಒಂದು ಟೀ ಚಮಚ. ಉಪ್ಪಿನಕಾಯಿ ಬಾಟಲಿಯ ಮೇಲೆ ಒಂದು ಪಾಲಿಗೆ ಸೋಡಿಯಂ 500 ಮಿಲಿಗ್ರಾಂ ಎಂದಿದ್ದರೆ ಅದು ಅರ್ಧ ಗ್ರಾಂ ಉಪ್ಪು ಎಂದುಕೊಳ್ಳಬೇಡಿ, ಸುಮಾರು 1.3 ಗ್ರಾಂ ಉಪ್ಪಿಗೆ ಸಮ. ಹೆಸರು ಬೇರೆ, ತೂಕದ ತಳಹದಿ ಬೇರೆ. ಎರಡರ ನಡುವಿನ ಸೇತುವೆ ಆ ಎರಡು ಚೌಕಗಳು.

ಮಂಡ್ಯದ ಲೆಕ್ಕ

ಈಗ ಊರಿಗೆ ಬನ್ನಿ. ಇಂಗ್ಲಿಷ್ ವರದಿಗಳಲ್ಲಿ ಮಾರ್ಲಗಲ್ಲ ಎಂದು ಓದಿರುವ ಊರು ಮಂಡ್ಯ ಜಿಲ್ಲೆಯ ಮರಳಗಾಲ. ಅದರ ಜೊತೆ ಹೆಸರು ಕೇಳಿಬರುವುದು ಅಲ್ಲಾಪಟ್ಟಣ. ಅಲ್ಲಿನ ಪೆಗ್ಮಟೈಟ್ ಎಂಬ ದಪ್ಪ ಹರಳಿನ ಕಲ್ಲಿನಲ್ಲಿ ಲೀಥಿಯಂ ಇದೆ. ಶೋಧಿಸಿದ್ದು ಕೇಂದ್ರದ ಪರಮಾಣು ಇಂಧನ ಇಲಾಖೆಗೆ ಸೇರಿದ ಪರಮಾಣು ಖನಿಜಗಳ ನಿರ್ದೇಶನಾಲಯ.

2020ರ ಫೆಬ್ರವರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬ್ಯಾಟರಿ ತಜ್ಞ ಪ್ರೊ. ಎನ್. ಮುನಿಚಂದ್ರಯ್ಯ ಅವರ ಅಂದಾಜು ಪತ್ರಿಕೆಗಳಲ್ಲಿ ಬಂತು. ಅರ್ಧ ಕಿಲೋಮೀಟರ್ ಅಗಲ, 5 ಕಿಲೋಮೀಟರ್ ಉದ್ದದ ಜಾಗದಲ್ಲಿ ಸುಮಾರು 30,300 ಟನ್ ಲೀಥಿಯಂ ಆಕ್ಸೈಡ್. ಅದರಿಂದ ಲೀಥಿಯಂ ಲೋಹ 14,100 ಟನ್. ಚಿಲಿಯ 86 ಲಕ್ಷ ಟನ್ನಿಗೆ ಹೋಲಿಸಿದರೆ ಇದು ದೊಡ್ಡದಲ್ಲ ಎಂದು ಅವರೇ ಹೇಳಿದ್ದರು. ಆ ಮಾತು ವಾಟ್ಸ್ಯಾಪ್‌ನಲ್ಲಿ ಉಳಿಯಲಿಲ್ಲ. ಟನ್ನು ಮಾತ್ರ ಉಳಿಯಿತು.

30,300 ಹೇಗೆ 14,100 ಆಯಿತು? ಲೀಥಿಯಂ ಆಕ್ಸೈಡ್ ಎಂದರೆ ಎರಡು ಲೀಥಿಯಂ, ಒಂದು ಆಕ್ಸಿಜನ್. ಎರಡು ಸಲ 6.94 ಎಂದರೆ 13.88. ಅದಕ್ಕೆ 16 ಕೂಡಿದರೆ 29.88. ಲೀಥಿಯಂ ಪಾಲು ಶೇ. 46.45. 30,300ರಲ್ಲಿ ಅಷ್ಟು ಪಾಲು ತೆಗೆದರೆ 14,075 ಬರುತ್ತದೆ. ಮೊದಲ ಅಂಕಿ ನೂರರ ಮಟ್ಟಿಗೆ ಮಾತ್ರ ಹೇಳಿದ್ದು, ಆದ್ದರಿಂದ ಉತ್ತರವನ್ನೂ ನೂರಕ್ಕೆ ಸರಿಮಾಡಿ 14,100 ಎಂದಿದ್ದಾರೆ. ಲೆಕ್ಕ ತಾಳೆಯಾಯಿತು. ಪತ್ರಿಕೆಯ ಒಂದು ಸಾಲನ್ನು ಗೋಡೆಯ ಮೇಲಿನ ಕೋಷ್ಟಕ ನೋಡಿ ನಾವೇ ಪರಿಶೀಲಿಸಿದ ಹಾಗಾಯಿತು. ಇದಕ್ಕೆ ಪಿಎಚ್.ಡಿ. ಬೇಕಿಲ್ಲ, ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ಮರುವರ್ಷ, 2021ರಲ್ಲಿ, ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಅಂಕಿ 1,600 ಟನ್. ಮೇಲ್ಮೈ ಸಮೀಕ್ಷೆ ಮತ್ತು ಸೀಮಿತ ಭೂಗರ್ಭ ಶೋಧದ ಆಧಾರದ ಮೇಲೆ, ಇನ್ಫರ್ಡ್ ಎಂಬ ವರ್ಗದಲ್ಲಿ ಎಂದು ಅದರಲ್ಲಿ ಹೇಳಿತ್ತು.

ಎರಡು ಅಂಕಿ ತಾಳೆಯಾಗದಿದ್ದಾಗ ಲೆಕ್ಕ ಪರಿಶೋಧಕರು ಮೊದಲು ನೋಡುವುದು ಇಬ್ಬರೂ ಒಂದೇ ಮಾನದಲ್ಲಿ ಬರೆದಿದ್ದಾರೆಯೇ ಎಂದು. ಒಬ್ಬರು ಆಕ್ಸೈಡ್, ಇನ್ನೊಬ್ಬರು ಲೋಹ ಬರೆದಿರಬಹುದೇ? ಹಾಗಿದ್ದರೆ ವ್ಯತ್ಯಾಸ 2.15 ಪಟ್ಟು ಇರಬೇಕಿತ್ತು. ಒಬ್ಬರು ಲೀಥಿಯಂ ಕಾರ್ಬನೇಟ್ ಬರೆದಿರಬಹುದೇ? ಅದರಲ್ಲಿ ಎರಡು ಲೀಥಿಯಂ, ಒಂದು ಕಾರ್ಬನ್, ಮೂರು ಆಕ್ಸಿಜನ್. ಒಟ್ಟು ಸುಮಾರು 73.89. ಲೀಥಿಯಂ ಪಾಲು ಶೇ. 18.8. ಆಗ ವ್ಯತ್ಯಾಸ 5.32 ಪಟ್ಟು. ಆದರೆ 14,100ನ್ನು 1,600ರಿಂದ ಭಾಗಿಸಿದರೆ 8.8 ಬರುತ್ತದೆ. ಕೋಷ್ಟಕದ ಯಾವ ಪರಿವರ್ತನೆಯೂ ಈ 8.8ನ್ನು ವಿವರಿಸುವುದಿಲ್ಲ. ಅಂದರೆ ವ್ಯತ್ಯಾಸ ದರದಲ್ಲಿ ಇಲ್ಲ, ದಾಸ್ತಾನಿನ ಎಣಿಕೆಯಲ್ಲಿದೆ. ನೆಲದಡಿ ಎಷ್ಟು ಕಲ್ಲಿದೆ, ಎಷ್ಟು ಆಳದವರೆಗೆ, ಎಷ್ಟು ಅಂಶ ಲೀಥಿಯಂ ಎಂಬ ಅಂದಾಜಿನಲ್ಲಿದೆ.

ನಾನು ಇಂದು ಹೇಳಬೇಕೆಂದು ಬಂದ ಮಾತು ಇದೇ. 6.94 ಒಂದು ದರ. ಮೆಟುಚೆನ್ನಿನಲ್ಲೂ ಮರಳಗಾಲದಲ್ಲೂ ಅದೇ ದರ. ದರ ಎಷ್ಟೇ ಖಚಿತವಾಗಿದ್ದರೂ ಪ್ರಮಾಣ ಅಂದಾಜಿನದಾದರೆ ಬರುವ ಮೊತ್ತವೂ ಅಂದಾಜಿನದೇ. ಗೋದಾಮಿನೊಳಗೆ ಹೋಗಿ ಮೂಟೆ ಎಣಿಸದೆ, ಬಾಗಿಲಲ್ಲಿ ನಿಂತು ಇಣುಕಿ ಬರೆದ ಸ್ಟಾಕಿನಂತೆ ಈ ಇನ್ಫರ್ಡ್ ವರ್ಗ. ಅಂದಾಜಿನ ಖಚಿತತೆಯಲ್ಲಿ ಅದು ಕೆಳಗಿನ ಮೆಟ್ಟಿಲು. ಮೇಲೆ ಇಂಡಿಕೇಟೆಡ್, ಮೆಷರ್ಡ್ ಎಂಬ ಮೆಟ್ಟಿಲುಗಳಿವೆ.

ಅದಿರು, ಖನಿಜ, ಲೋಹ

2023ರ ಫೆಬ್ರವರಿಯಲ್ಲಿ ಜಮ್ಮು–ಕಾಶ್ಮೀರದ ರಿಯಾಸಿ ಜಿಲ್ಲೆಯ ಸುದ್ದಿ ಬಂತು: 59 ಲಕ್ಷ ಟನ್. ಅದನ್ನು ಚಿಲಿಯ 86 ಲಕ್ಷದ ಪಕ್ಕದಲ್ಲಿಟ್ಟು ಭಾರತ ಲೀಥಿಯಂನಲ್ಲಿ ಜಗತ್ತಿನ ಮುಂಚೂಣಿಗೆ ಬಂತು ಎಂದು ಬರೆದವರೂ ಇದ್ದಾರೆ. ಆದರೆ ರಿಯಾಸಿಯ 59 ಲಕ್ಷ ಟನ್ ಅದಿರಿನ ತೂಕ, ಚಿಲಿಯದು ಲೀಥಿಯಂ ತೂಕ. ಅದಿರಿನ ಅಂಕಿಯನ್ನು ಲೋಹದ ಅಂಕಿ ಮಾಡಲು ಅದಿರಿನಲ್ಲಿ ಲೀಥಿಯಂ ಅಂಶ ಎಷ್ಟೆಂಬುದು ಬೇಕು. ಉದಾಹರಣೆಗೆ ಮಾತ್ರ ಹೇಳುತ್ತೇನೆ: ಅಂಶ ಶೇ. 0.1 ಎಂದು ಹಿಡಿದರೆ 59 ಲಕ್ಷ ಟನ್ ಅದಿರಿನಲ್ಲಿ ಲೀಥಿಯಂ 5,900 ಟನ್. ಸಾವಿರ ಪಟ್ಟು ವ್ಯತ್ಯಾಸ. ಭತ್ತದ ಗದ್ದೆಯ ಮಣ್ಣನ್ನೂ ಸೇರಿಸಿ ತೂಗಿ ಅಕ್ಕಿಯ ಬೆಲೆ ಕಟ್ಟಿದ ಹಾಗೆ.

ಷೇರು ಕೊಳ್ಳುವವರಿಗೆ ಇನ್ನೊಂದು ಹೆಜ್ಜೆ. ಲೀಥಿಯಂ ಇರುವ ಮುಖ್ಯ ಖನಿಜಗಳಲ್ಲಿ ಸ್ಪಾಡ್ಯುಮೀನ್ ಒಂದು. ಅದರಲ್ಲಿ ಒಂದು ಲೀಥಿಯಂ, ಒಂದು ಅಲ್ಯುಮಿನಿಯಂ, ಎರಡು ಸಿಲಿಕಾನ್, ಆರು ಆಕ್ಸಿಜನ್. ಚೌಕಗಳಿಂದ 6.94, 26.98, 28.09 ಎರಡು ಸಲ, 16.00 ಆರು ಸಲ ತೆಗೆದು ಕೂಡಿ, ಸುಮಾರು 186.1. ಲೀಥಿಯಂ ಪಾಲು ಶೇ. 3.7 ಮಾತ್ರ. ಕಲ್ಮಶವೇ ಇಲ್ಲದ ಶುದ್ಧ ಸ್ಪಾಡ್ಯುಮೀನ್‌ನಲ್ಲೂ ಅದಕ್ಕಿಂತ ಹೆಚ್ಚು ಸಿಗುವುದು ಸಾಧ್ಯವಿಲ್ಲ. ಅದು ಪ್ರಕೃತಿ ಹಾಕಿರುವ ಮಿತಿ. ಯಾವನಾದರೂ ದಲ್ಲಾಳಿ ನಮ್ಮ ಸ್ಪಾಡ್ಯುಮೀನ್‌ನಲ್ಲಿ ಶೇ. 10 ಲೀಥಿಯಂ ಇದೆ ಎಂದರೆ ಫೋನು ಇಡಬಹುದು.

ಮಾರುಕಟ್ಟೆಯಲ್ಲಿ ಶೇ. 6 ಲೀಥಿಯಂ ಆಕ್ಸೈಡ್ ಇರುವ ಸ್ಪಾಡ್ಯುಮೀನ್ ಸಾಂದ್ರಣವನ್ನು ಮಾರುತ್ತಾರೆ. ಶೇ. 6ರಲ್ಲಿ 46.45 ಪಾಲು ತೆಗೆಯಿರಿ, ಶೇ. 2.79. ಒಂದು ಟನ್ ಸಾಂದ್ರಣದಲ್ಲಿ ಲೀಥಿಯಂ ಸುಮಾರು 28 ಕೆ.ಜಿ. ನಷ್ಟವಿಲ್ಲದೆ ಕಾರ್ಬನೇಟ್ ಮಾಡಿದರೆ ಸುಮಾರು 148 ಕೆ.ಜಿ. ಹಾಗಾಗಿ ಒಂದು ಕಂಪನಿಯ ವರದಿ ಸಾಂದ್ರಣದ ಟನ್ನಿನಲ್ಲಿ, ಇನ್ನೊಂದರದು ಕಾರ್ಬನೇಟ್ ಸಮಾನದ ಟನ್ನಿನಲ್ಲಿ ಇದ್ದರೆ ಎರಡನ್ನು ನೇರವಾಗಿ ಹೋಲಿಸುವುದು ರೂಪಾಯಿಯನ್ನೂ ಡಾಲರನ್ನೂ ಒಂದೇ ಕಾಲಮ್ಮಿನಲ್ಲಿ ಕೂಡಿದ ಹಾಗೆ. ಮಂಡ್ಯದ 1,600 ಟನ್ ಲೀಥಿಯಂ ಕಾರ್ಬನೇಟ್ ಲೆಕ್ಕದಲ್ಲಿ ಸುಮಾರು 8,500 ಟನ್. ಅಂಕಿ ದೊಡ್ಡದಾಯಿತು, ಲೀಥಿಯಂ ಒಂದು ಗ್ರಾಂ ಕೂಡ ಹೆಚ್ಚಲಿಲ್ಲ.

ಹಗುರ ಎಂಬುದೇ ಬೆಲೆ

ಇಷ್ಟೆಲ್ಲ ಗಲಾಟೆ ಲೀಥಿಯಂಗೇ ಯಾಕೆ? ಉತ್ತರ ಅದೇ 6.94ರಲ್ಲಿದೆ. ಒಂದು ಮೋಲ್ ಎಲೆಕ್ಟ್ರಾನುಗಳು ಹರಿದರೆ 26.8 ಆಂಪಿಯರ್-ಅವರ್ ವಿದ್ಯುತ್ತು. ಲೀಥಿಯಂ ಪರಮಾಣು ಒಂದು ಎಲೆಕ್ಟ್ರಾನ್ ಕೊಡುತ್ತದೆ. 26.8ನ್ನು 6.94ರಿಂದ ಭಾಗಿಸಿದರೆ ಗ್ರಾಮಿಗೆ 3.86 ಆಂಪಿಯರ್-ಅವರ್. ಸೀಸ ಎರಡು ಎಲೆಕ್ಟ್ರಾನ್ ಕೊಡುತ್ತದೆ, ಆದರೆ ಅದರ ರಾಶಿ 207.2. ಹಾಗಾಗಿ ಗ್ರಾಮಿಗೆ 0.26 ಮಾತ್ರ. ಸುಮಾರು 15 ಪಟ್ಟು ವ್ಯತ್ಯಾಸ. ಊರಿನ ಮನೆಯ ಯುಪಿಎಸ್ ಬ್ಯಾಟರಿ ಎತ್ತಿ ಸೊಂಟ ಹಿಡಿದುಕೊಂಡವರಿಗೆ ಈ ಲೆಕ್ಕ ಮೈಗೇ ಗೊತ್ತು.

ನಿಮ್ಮ ಜೇಬಿನ ಫೋನು 4,000 ಮಿಲಿಆಂಪಿಯರ್-ಅವರ್‌ನದು ಎಂದುಕೊಳ್ಳಿ. 4ನ್ನು 3.86ರಿಂದ ಭಾಗಿಸಿ. ಅದರೊಳಗೆ ಆಚೆ ಈಚೆ ಓಡಾಡುವ ಲೀಥಿಯಂ ಒಂದು ಗ್ರಾಮಿಗಿಂತ ತುಸು ಹೆಚ್ಚು, ಅಷ್ಟೆ. 60 ಕಿಲೋವ್ಯಾಟ್-ಅವರ್ ಕಾರಿಗೆ ಇದೇ ರೀತಿ 3.7 ವೋಲ್ಟ್ ಹಿಡಿದು ಲೆಕ್ಕ ಹಾಕಿದರೆ ಕನಿಷ್ಠ 4.2 ಕೆ.ಜಿ. ಎಲ್ಲ ಲೀಥಿಯಮ್ಮೂ ಓಡಾಡುವುದಿಲ್ಲವಾದ್ದರಿಂದ ನಿಜಕ್ಕೆ ಇನ್ನೂ ಹೆಚ್ಚು ಹಾಕಬೇಕು. ಕಾರಿಗೆ 8 ಕೆ.ಜಿ. ಎಂದು ಹಿಡಿಯೋಣ. ಮಂಡ್ಯದ 1,600 ಟನ್ ಪೂರ್ತಿ ಕೈಗೆ ಸಿಕ್ಕರೆ 2 ಲಕ್ಷ ಕಾರು. ಒಂದು ಜಿಲ್ಲೆಯ ಕಲ್ಲಿಗೆ ಇದು ಕಡಿಮೆಯೇನಲ್ಲ. ದೇಶದ ಅಗತ್ಯದ ಮುಂದೆ ಹೆಚ್ಚೂ ಅಲ್ಲ. ಪೂರ್ತಿ ಸಿಗುವುದಂತೂ ಯಾವ ಗಣಿಯಲ್ಲೂ ಇಲ್ಲ.

ಫೋನು ಬಂದಾಗ ಏನು ಹೇಳುವುದು

ಹಾಗಾದರೆ ಊರಿಂದ ಅಣ್ಣನ ಫೋನು ಬಂದಾಗ ಏನು ಹೇಳಬೇಕು? ನಾನು ಮೂರು ಪ್ರಶ್ನೆ ಕೇಳಿ ಎನ್ನುತ್ತೇನೆ. ಒಂದು, ಈ ಟನ್ನು ಯಾವುದರ ತೂಕ: ಅದಿರೋ, ಆಕ್ಸೈಡೋ, ಕಾರ್ಬನೇಟೋ, ಲೋಹವೋ? ಎರಡು, ಅದಿರಾದರೆ ಅದರಲ್ಲಿ ಲೀಥಿಯಂ ಅಂಶ ಎಷ್ಟು? ಮೂರು, ಎಣಿಸಿದವರು ಯಾರು, ಯಾವ ವರ್ಗದ ಖಚಿತತೆಯಲ್ಲಿ? ಮೊದಲ ಪ್ರಶ್ನೆಯ ಉತ್ತರ ಸಿಕ್ಕರೆ ಪರಿವರ್ತನೆಯನ್ನು ಕೋಷ್ಟಕ ಮಾಡಿಕೊಡುತ್ತದೆ. ಉಳಿದ ಎರಡಕ್ಕೆ ಮೂಲ ವರದಿಯನ್ನೇ ಓದಬೇಕು.

ಜಮೀನಿನ ವಿಷಯಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ. ಲೀಥಿಯಂ 2023ರವರೆಗೂ ಪರಮಾಣು ಖನಿಜಗಳ ಪಟ್ಟಿಯಲ್ಲಿತ್ತು. ಆ ವರ್ಷ ಗಣಿ ಮತ್ತು ಖನಿಜಗಳ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಆ ಪಟ್ಟಿಯಿಂದ ತೆಗೆದು, ಕೇಂದ್ರ ಸರ್ಕಾರ ಹರಾಜು ಹಾಕುವ ಖನಿಜಗಳ ಸಾಲಿಗೆ ಸೇರಿಸಿದರು. ಪಹಣಿಯಲ್ಲಿ ನಮ್ಮ ಹೆಸರಿದ್ದ ಮಾತ್ರಕ್ಕೆ ನಾವೇ ಗುದ್ದಲಿ ಹಿಡಿದು ಲೀಥಿಯಂ ತೆಗೆದು ಮಾರಲು ಆಗುವುದಿಲ್ಲ. ಪಕ್ಕದ ಊರಿನ ಬಂಡೆಯಲ್ಲಿ ಏನೋ ಇದೆ ಎಂಬ ಕಾರಣಕ್ಕೆ ಅಣ್ಣನ ಮಗಳ ಮದುವೆಗೆ ಬೇಕಾದ ಮಾರಾಟ ತಡೆಯುವುದೂ ಸರಿಯಲ್ಲ. ದಲ್ಲಾಳಿಯ ಮಾತು ಕೇಳಿ ಇಲ್ಲಿನ ಉಳಿತಾಯವನ್ನೆಲ್ಲ ಅಲ್ಲಿನ ನೆಲಕ್ಕೆ ಸುರಿಯುವುದೂ ಸರಿಯಲ್ಲ. ಜಮೀನನ್ನು ನೀರು, ರಸ್ತೆ, ಮಣ್ಣು, ಮನೆಯವರ ಅಗತ್ಯ ಇವುಗಳ ಮೇಲೆ ತೂಗಿ. ಲೀಥಿಯಂ ಅನ್ನು ಲೀಥಿಯಂ ಲೆಕ್ಕದಲ್ಲಿ ತೂಗಿ.

ಮಕ್ಕಳಿಗೆ ಒಂದು ಮಾತು. ನಿಮ್ಮ ಟೀಚರ್ ಕೊಡುವ ರಾಶಿಯ ಲೆಕ್ಕಗಳಲ್ಲಿ ನೀರು, ಉಪ್ಪು, ಸಕ್ಕರೆ ಇರುತ್ತವೆ. ಅವನ್ನು ಮುಗಿಸಿದ ಮೇಲೆ ಅಪ್ಪ ಅಮ್ಮನ ಫೋನಿನಲ್ಲಿ ಬಂದ ಒಂದು ಸುದ್ದಿಯನ್ನು ತೆಗೆದುಕೊಂಡು ಅದೇ ಲೆಕ್ಕ ಹಾಕಿ. ಉತ್ತರ ತಾಳೆಯಾಗದಿದ್ದರೆ ಊಟದ ಹೊತ್ತಿಗೆ ಅವರನ್ನೇ ಕೇಳಿ. ಅವರಿಗೆ ಉತ್ತರ ಹೊಳೆಯದಿದ್ದರೆ ಇಬ್ಬರೂ ಸೇರಿ ಹುಡುಕಿ. ಮನೆಯಲ್ಲಿ ಕನ್ನಡ ಮಾತಾಡಲು ವಿಷಯವೇ ಇಲ್ಲ ಎನ್ನುವವರಿಗೆ ಇದೊಂದು ವಿಷಯ.

 ತೆರಿಗೆಯ ಪ್ರಶ್ನೆಗಳಿಗೆ ಊಟದ ಸಾಲಿನಲ್ಲಿ ಸಿಗುತ್ತೇನೆ.